ಬಿಯರ್‌ಗೆ ಅಂಕ ಕೊಡುವುದು ನಾಲಿಗೆಯೋ, ಅಮಲೋ?

ಪ್ರಶ್ನೆ: ನಮ್ಮದು ಸುಂಟಿಕೊಪ್ಪದ ಹತ್ತಿರ ಕಾಫಿ ತೋಟ. ಕೈಲ್ ಮುಹೂರ್ತಕ್ಕೆ, ಪುತ್ತರಿಗೆ ಅಣ್ಣ-ತಮ್ಮಂದಿರು, ಭಾವಂದಿರು ಎಲ್ಲರೂ ಐನ್‌ಮನೆಯಲ್ಲಿ ಸೇರುತ್ತೇವೆ. ಬೆಂಗಳೂರಿನಲ್ಲಿರುವ ತಮ್ಮ ಬರುವಾಗ ಬೇರೆ ಬೇರೆ ಕ್ರಾಫ್ಟ್ ಬಿಯರ್ ತರುತ್ತಾನೆ. ಎಲ್ಲರೂ ಸ್ವಲ್ಪ ಸ್ವಲ್ಪ ರುಚಿ ನೋಡಿ 5ಕ್ಕೆ ಇಷ್ಟು ಅಂತ ಅಂಕ ಬರೆಯುತ್ತೇವೆ. ಪ್ರತಿ ಸಲ ಗೆಲ್ಲುವುದು ಆಲ್ಕೋಹಾಲ್ ಜಾಸ್ತಿ ಇರುವುದೇ. ಬಿಯರ್‌ಗೆ ಅಂಕ ಹಾಕುವ ಆ್ಯಪ್‌ನಲ್ಲಿ ನೋಡಿದರೂ ಮೇಲಿನ ಸಾಲಿನಲ್ಲಿ ಶೇ 8, ಶೇ 10, ಶೇ 12ರ ಬಿಯರ್‌ಗಳೇ. ‘ನೀವು ಮಾರ್ಕ್ಸ್ ಕೊಡೋದು ಕಿಕ್‌ಗೆ, ರುಚಿಗಲ್ಲ’ ಅಂತಾರೆ ಚಿಕ್ಕಪ್ಪ. ತಮ್ಮ ಒಪ್ಪುವುದಿಲ್ಲ. ಯಾರು ಸರಿ? ನಮ್ಮ ಹೋಂಸ್ಟೇಗೆ ಬರುವವರು ಯಾವ ಬಿಯರ್ ಒಳ್ಳೆಯದು ಅಂತ ಕೇಳುತ್ತಾರೆ. ಈ ಅಂಕ ನೋಡಿ ಹೇಳಬಹುದಾ?

ಉತ್ತರ: ಚಿಕ್ಕಪ್ಪ ಕಂಡುಕೊಂಡದ್ದು ನಿಜ. ಅವರು ಕೊಟ್ಟ ಕಾರಣ ಮಾತ್ರ ಪೂರ್ತಿ ಸರಿಯಲ್ಲ.

ಆಲ್ಕೋಹಾಲ್ ಏರಿದಂತೆ ಅಂಕವೂ ಏರುವುದು ನಿಮ್ಮ ಐನ್‌ಮನೆಯಲ್ಲಿ ಮಾತ್ರ ನಡೆಯುವುದಲ್ಲ. ಬಿಯರ್‌ಅಡ್ವೊಕೇಟ್, ಅನ್‌ಟ್ಯಾಪ್ಡ್‌ನಂಥ ವೆಬ್‌ಸೈಟ್, ಆ್ಯಪ್‌ಗಳಲ್ಲಿ ಜಗತ್ತಿನ ಮೂಲೆಮೂಲೆಯ ಜನ ಅಂಕ ಹಾಕುತ್ತಾರೆ. ಅಲ್ಲಿನ ಮೇಲಿನ ಪಟ್ಟಿ ತೆಗೆದರೆ ಇಂಪೀರಿಯಲ್ ಸ್ಟೌಟ್ ಎಂಬ ಗಟ್ಟಿ ಕಪ್ಪು ಬಿಯರ್, ಡಬಲ್ ಐಪಿಎ ಎಂಬ ಕಹಿ ಜಾಸ್ತಿಯ ಬಿಯರ್, ಬೆಲ್ಜಿಯಂನ ಗಟ್ಟಿಯಾದ ಕಪ್ಪು ಬಿಯರ್‌ಗಳೇ ತುಂಬಿರುತ್ತವೆ. ಶೇ 4ರ ಲಾಗರ್, ಅಂದರೆ ಎಲ್ಲ ಕಡೆ ಸಿಗುವ ಸಾದಾ ತಿಳಿ ಬಿಯರ್, ಹುಡುಕಬೇಕಾದರೆ ತುಂಬಾ ಕೆಳಗೆ ಇಳಿಯಬೇಕು. ಬೆಲ್ಜಿಯಂನ ಸೇಂಟ್ ಸಿಕ್ಸ್ಟಸ್ ಮಠದ ಸನ್ಯಾಸಿಗಳು ವೆಸ್ಟ್‌ವ್ಲೆಟರೆನ್ ಹೆಸರಿನಲ್ಲಿ ಮೂರು ಬಿಯರ್ ಮಾಡುತ್ತಾರೆ. ಬ್ಲಾಂಡ್ ಶೇ 5.8, ಎಂಟು ನಂಬರಿನದು ಶೇ 8, ಹನ್ನೆರಡು ನಂಬರಿನದು ಶೇ 10.2. ಮಠ ಒಂದೇ, ಕೈ ಒಂದೇ, ಶ್ರದ್ಧೆಯೂ ಒಂದೇ. ಜನ ಕೊಡುವ ಅಂಕ ಮಾತ್ರ ಇದೇ ಕ್ರಮದಲ್ಲಿ ಏರುತ್ತಾ ಹೋಗುತ್ತದೆ. 2005ರಲ್ಲಿ ರೇಟ್‌ಬಿಯರ್ ಎಂಬ ಇಂಥದೇ ವೆಬ್‌ಸೈಟ್ ಜಗತ್ತಿನ ಅತ್ಯುತ್ತಮ ಬಿಯರ್ ಅಂತ ಹೆಸರಿಸಿದ್ದು ಹನ್ನೆರಡನ್ನೇ.

ಇಷ್ಟು ನೋಡಿದರೆ ಚಿಕ್ಕಪ್ಪನಿಗೇ ಜಯ ಅನ್ನಿಸುತ್ತದೆ. ಆದರೆ ಇನ್ನೊಂದು ಕಡೆ ನೋಡಿ. ಕ್ಯಾಲಿಫೋರ್ನಿಯಾದ ರಷ್ಯನ್ ರಿವರ್ ಎಂಬ ಬ್ರೂವರಿಯ ಪ್ಲಿನಿ ದಿ ಎಲ್ಡರ್ ಅನ್ನುವ ಡಬಲ್ ಐಪಿಎ ಶೇ 8ರದ್ದು. ವರ್ಷಗಟ್ಟಲೆ ಪಟ್ಟಿಯ ತುದಿಯಲ್ಲೇ ಇದ್ದ ಬಿಯರ್ ಅದು. ನಮ್ಮ ಗೋಣಿಕೊಪ್ಪದ ಯಾವ ವೈನ್ ಶಾಪ್‌ಗೆ ಹೋದರೂ ಸಿಗುವ ಸ್ಟ್ರಾಂಗ್ ಲಾಗರ್‌ಗಳೂ ಹೆಚ್ಚುಕಡಿಮೆ ಅಷ್ಟೇ. ಬಾಟಲಿ ಮೇಲೆ ‘ಶೇ 8 ಮೀರದಂತೆ’ ಅಂತ ಇರುತ್ತದೆ. ಅದೇ ಆ್ಯಪ್‌ಗಳಲ್ಲಿ ಇವುಗಳ ಜಾಗ ಎಲ್ಲಿ? ತಳದಲ್ಲಿ. ಅಮೆರಿಕದಲ್ಲಿ ಮಾಲ್ಟ್ ಲಿಕರ್ ಅನ್ನುವ ಅಗ್ಗದ ಸ್ಟ್ರಾಂಗ್ ಬಿಯರ್ ಇದೆ, ಅದಕ್ಕೂ ಇದೇ ಗತಿ. ಇನ್ನೊಂದು ತುದಿಯಲ್ಲಿ ಬ್ರಸೆಲ್ಸ್‌ನ ಕಾಂಟಿಯಾನ್ ಮಾಡುವ ಹುಳಿ ಬಿಯರ್‌ಗಳಿವೆ. ಅವು ಶೇ 5ರ ಆಸುಪಾಸಿನವು. ಜನ ಅವಕ್ಕೆ ಕೈತುಂಬಾ ಅಂಕ ಕೊಡುತ್ತಾರೆ.

ಕಿಕ್‌ಗೇ ಅಂಕ ಬರುವುದಾಗಿದ್ದರೆ ನಮ್ಮ ಸ್ಟ್ರಾಂಗ್ ಬಾಟಲಿಗಳು ಜಗತ್ತನ್ನೇ ಗೆಲ್ಲಬೇಕಿತ್ತು. ಗೆಲ್ಲಲಿಲ್ಲ. ಅಂದರೆ ಆಲ್ಕೋಹಾಲ್ ಜೊತೆ ಬೇರೇನೋ ಸೇರಿಕೊಂಡು ಬರುತ್ತಿದೆ. ಅದು ಒಂದಲ್ಲ, ನಾಲ್ಕೈದು ಇವೆ. ದೊಡ್ಡದರಿಂದಲೇ ಶುರು ಮಾಡುತ್ತೇನೆ.

ಬಿಯರ್‌ಗೆ ಆಲ್ಕೋಹಾಲ್ ಹೊರಗಿನಿಂದ ಸೇರಿಸುವುದಿಲ್ಲ. ಬಾರ್ಲಿಯನ್ನು ಮೊಳಕೆ ಬರಿಸಿ ಒಣಗಿಸಿದರೆ ಮಾಲ್ಟ್. ಮಾಲ್ಟನ್ನು ಬಿಸಿನೀರಿನಲ್ಲಿ ನೆನೆಸಿ ಸಿಹಿ ರಸ ತೆಗೆಯುತ್ತಾರೆ. ಯೀಸ್ಟ್ ಆ ಸಕ್ಕರೆ ತಿಂದು ಆಲ್ಕೋಹಾಲ್ ಮಾಡುತ್ತದೆ. ನೀರಿನ ಸಾಂದ್ರತೆ 1 ಅಂತ ಇಟ್ಟುಕೊಂಡರೆ, ಶೇ 5ರ ಬಿಯರ್‌ಗೆ ರಸದ ಸಾಂದ್ರತೆ 1.050ರ ಹತ್ತಿರ ಇರುತ್ತದೆ. ಹುದುಗು ಮುಗಿದಾಗ 1.010ಕ್ಕೆ ಇಳಿಯುತ್ತದೆ. ವ್ಯತ್ಯಾಸವನ್ನು 131ರಿಂದ ಗುಣಿಸಿ, ಶೇ 5ಕ್ಕಿಂತ ಸ್ವಲ್ಪ ಮೇಲೆ ಬರುತ್ತದೆ. ಇಂಪೀರಿಯಲ್ ಸ್ಟೌಟ್‌ಗೆ 1.090ರಿಂದ ಹೊರಟರೆ 1.024ಕ್ಕೆ ನಿಲ್ಲಬಹುದು. ಅದು ಶೇ 8.6 ಆಯಿತು. ಇಲ್ಲಿ ಗಮನಿಸಬೇಕಾದ್ದು ಆಲ್ಕೋಹಾಲ್ ಅಂಕಿ ಅಲ್ಲ, ಕೊನೆಗೆ ಉಳಿದದ್ದು. ಒಂದರಲ್ಲಿ 1.010, ಇನ್ನೊಂದರಲ್ಲಿ 1.024. ಯೀಸ್ಟ್ ತಿನ್ನಲಾಗದೆ ಬಿಟ್ಟ ಈ ಉಳಿಕೆಯೇ ಬಾಯಿಗೆ ತುಂಬುವ ಮೈ, ಸಿಹಿ, ದಪ್ಪ. ಜಾಸ್ತಿ ಮಾಲ್ಟ್ ಹಾಕಿದ್ದಕ್ಕೆ ಹುರಿದ ಕಾಳಿನ, ಬೆಲ್ಲದ, ಚಾಕೊಲೇಟಿನ ರುಚಿಗಳೂ ಜಾಸ್ತಿ. ಗಟ್ಟಿ ರಸದಲ್ಲಿ ಯೀಸ್ಟ್ ಹಣ್ಣಿನ ವಾಸನೆ ಕೊಡುವ ಎಸ್ಟರ್‌ಗಳನ್ನೂ ಹೆಚ್ಚು ಮಾಡುತ್ತದೆ. ಡಬಲ್ ಐಪಿಎಯಲ್ಲಿ ಹಾಪ್ಸ್ ಎಂಬ ಕಹಿ ಹೂವನ್ನು ಧಾರಾಳವಾಗಿ ಸುರಿಯಲು ಸಾಧ್ಯವಾಗುವುದೂ ಆ ಕಹಿಯನ್ನು ಹೊರಲು ಮಾಲ್ಟಿನ ಬೆನ್ನು ಇರುವುದರಿಂದಲೇ.

ಹಾಗಾಗಿ ಆ್ಯಪ್‌ನಲ್ಲಿ ಕಾಣುವ ಎಬಿವಿ, ಅಂದರೆ ಆಲ್ಕೋಹಾಲಿನ ಶೇಕಡಾವಾರು ಪ್ರಮಾಣ, ನಿಜವಾಗಿ ಹೇಳುವುದು ‘ಈ ಬಿಯರ್‌ಗೆ ಎಷ್ಟು ಸಾಮಗ್ರಿ ಹಾಕಿದ್ದಾರೆ’ ಅನ್ನುವುದನ್ನು. ಸಾಮಗ್ರಿ ಜಾಸ್ತಿ ಇದ್ದರೆ ರುಚಿಯೂ ಜಾಸ್ತಿ. ಜನ ಅದಕ್ಕೆ ಅಂಕ ಕೊಡುತ್ತಾರೆ. ಇದರಲ್ಲಿ ಮೋಸ ಏನಿಲ್ಲ.

ನಮ್ಮ ಸ್ಟ್ರಾಂಗ್ ಲಾಗರ್ ಯಾಕೆ ಸೋಲುತ್ತದೆ ಅನ್ನುವುದಕ್ಕೂ ಉತ್ತರ ಇಲ್ಲೇ ಇದೆ. ಅಲ್ಲಿ ಸಕ್ಕರೆಯ ಒಂದು ಪಾಲು ಅಕ್ಕಿಯಿಂದ, ಜೋಳದಿಂದ, ಕೆಲವೊಮ್ಮೆ ನೇರ ಸಕ್ಕರೆ ಪಾಕದಿಂದ ಬರುತ್ತದೆ. ಯೀಸ್ಟ್ ಅದನ್ನು ಪೂರ್ತಿ ತಿಂದು ಮುಗಿಸುತ್ತದೆ. ಆಲ್ಕೋಹಾಲ್ ಬಂತು, ರುಚಿ ಬರಲಿಲ್ಲ. ಚಿಕೋರಿ ಸುರಿದ ಕಾಫಿ ಪುಡಿಯ ಡಿಕಾಕ್ಷನ್ ನಿಮಗೆ ಗೊತ್ತಲ್ಲ. ಕಪ್ಪಗೆ, ಗಟ್ಟಿಯಾಗಿ ಇಳಿಯುತ್ತದೆ, ಆದರೆ ಬೀಜದ ಗುಣ ಅದರಲ್ಲಿ ಇರುವುದಿಲ್ಲ. ಇದೂ ಹಾಗೆಯೇ.

ಈಗ ಆಲ್ಕೋಹಾಲ್ ಒಂದನ್ನೇ ತೆಗೆದುಕೊಳ್ಳೋಣ. ಬಾಯಿಯಲ್ಲಿ ಅದು ಏನು ಮಾಡುತ್ತದೆ? ಸ್ವಲ್ಪ ಸಿಹಿ, ಸ್ವಲ್ಪ ಕಹಿ, ಜೊತೆಗೆ ಉರಿ. ಈ ಉರಿಯ ವಿಷಯ ಮೆಣಸು ಬೆಳೆಯುವ ನಾಡಿನವರಿಗೆ ಹೇಳಲೇಬೇಕು. ನಮ್ಮ ನಾಲಿಗೆಯ ನರಗಳಲ್ಲಿ ಟಿಆರ್‌ಪಿವಿ1 ಎಂಬ ಗ್ರಾಹಕ ಇದೆ. ಸುಮಾರು 42 ಡಿಗ್ರಿ ಬಿಸಿ ತಾಗಿದರೆ ಅದು ‘ಸುಡುತ್ತಿದೆ’ ಅಂತ ಮಿದುಳಿಗೆ ಸುದ್ದಿ ಕಳಿಸುತ್ತದೆ. ಮೆಣಸಿನಕಾಯಿಯ ಖಾರವೂ ಇದನ್ನೇ ತಟ್ಟುತ್ತದೆ. ಕಾಳುಮೆಣಸಿನ ಪಿಪರಿನ್ ಕೂಡ ಇದನ್ನೇ. ಆಲ್ಕೋಹಾಲ್ ಈ ಗಡಿಯನ್ನು ಸುಮಾರು 34 ಡಿಗ್ರಿಗೆ ಇಳಿಸುತ್ತದೆ ಅಂತ 2002ರಲ್ಲಿ ಪ್ರಕಟವಾದ ಸಂಶೋಧನೆ ತೋರಿಸಿತು. ನಮ್ಮ ಮೈ ಬಿಸಿಯೇ 37. ಹಾಗಾಗಿ ತಣ್ಣಗಿರುವ ಬಿಯರ್ ಕೂಡ ಗಂಟಲಲ್ಲಿ ಬೆಚ್ಚಗೆ ಇಳಿದಂತೆ ಅನ್ನಿಸುತ್ತದೆ.

ಮಡಿಕೇರಿಯ ಜುಲೈ ಮಳೆಯಲ್ಲಿ ಆ ಬೆಚ್ಚಗೆ ಹಿತವೇ. ಒಂದು ಮಿತಿ ದಾಟಿದರೆ ಉರಿ, ಅಷ್ಟೇ. ಘಮದ ವಿಷಯದಲ್ಲಂತೂ ಆಲ್ಕೋಹಾಲ್ ಸಹಾಯಕ್ಕಿಂತ ಅಡ್ಡಿ ಮಾಡುವುದೇ ಹೆಚ್ಚು. ಘಮದ ಅಣುಗಳು ಗ್ಲಾಸಿನಿಂದ ಮೇಲೆದ್ದು ಮೂಗಿಗೆ ಬರಬೇಕು. ಆಲ್ಕೋಹಾಲ್ ಏರಿದಂತೆ ಅವುಗಳಲ್ಲಿ ಹಲವು ದ್ರವದಲ್ಲೇ ಉಳಿಯುತ್ತವೆ. ಹುದುಗುವಾಗ ಬಿಸಿ ಜಾಸ್ತಿಯಾದರೆ ಒರಟು ಬಗೆಯ ಆಲ್ಕೋಹಾಲ್‌ಗಳೂ ಹುಟ್ಟುತ್ತವೆ. ಅವುಗಳ ವಾಸನೆ ಬಣ್ಣಕ್ಕೆ ಬೆರೆಸುವ ಥಿನ್ನರ್ ನೆನಪಿಸುತ್ತದೆ. ಒಳ್ಳೆಯ ಶೇ 10ರ ಬಿಯರ್ ಮಾಡುವವರ ದೊಡ್ಡ ಸಾಹಸವೇ ಆ ಆಲ್ಕೋಹಾಲ್ ಮುಂದೆ ಬಂದು ಕೂರದಂತೆ ನೋಡಿಕೊಳ್ಳುವುದು. ತೀರ್ಪುಗಾರರು ಸ್ಟ್ರಾಂಗ್ ಬಿಯರ್‌ಗೆ ಕೊಡುವ ದೊಡ್ಡ ಮೆಚ್ಚುಗೆ ‘ಆಲ್ಕೋಹಾಲ್ ಗೊತ್ತೇ ಆಗುವುದಿಲ್ಲ’ ಅನ್ನುವುದು. ಚಿಕ್ಕಪ್ಪನಿಗೆ ಇದನ್ನೊಂದು ಹೇಳಿ.

ಇಲ್ಲಿಯವರೆಗೆ ತಮ್ಮನ ಪರ ಮಾತಾಡಿದ ಹಾಗಾಯಿತು. ಇನ್ನು ನಿಮ್ಮ ಮನೆಯ ಪದ್ಧತಿಗೆ ಬರುತ್ತೇನೆ. ನನಗೆ ನಿಜವಾಗಿ ಕಳವಳ ಇರುವುದು ಅಲ್ಲಿ.

ನೀವು ‘ಸ್ವಲ್ಪ ಸ್ವಲ್ಪ ರುಚಿ ನೋಡಿ’ ಅಂತ ಬರೆದಿದ್ದೀರಿ. ಎರಡನೆಯ ಕಾರಣ ಆ ಸ್ವಲ್ಪದಲ್ಲೇ ಇದೆ. ಒಂದು ಗುಟುಕಿನ ಪರೀಕ್ಷೆಯಲ್ಲಿ ಯಾವಾಗಲೂ ಜೋರಾದದ್ದು ಗೆಲ್ಲುತ್ತದೆ. ಸಿಹಿ, ದಪ್ಪ, ಹುರಿದ ರುಚಿ, ಹಾಪ್ಸ್‌ನ ಅಬ್ಬರ ಇವೆಲ್ಲ ಮೊದಲ ಗುಟುಕಿಗೇ ಕೂಗಿ ಹೇಳುತ್ತವೆ. ಮಡಿಕೇರಿಯ ಅಂಗಡಿಗಳಲ್ಲಿ ಹೋಂಮೇಡ್ ವೈನ್ ರುಚಿ ನೋಡುವಾಗಲೂ ಸಿಹಿ ಜಾಸ್ತಿ ಇರುವುದೇ ಮೊದಲು ಹಿಡಿಸುತ್ತದೆ. ಒಂದು ಇಂಪೀರಿಯಲ್ ಸ್ಟೌಟ್ ಕುಡಿದ ನಾಲಿಗೆಗೆ ಅದರ ಪಕ್ಕದ ಪಿಲ್ಸ್‌ನರ್ ಎಂಬ ತಿಳಿ ಲಾಗರ್ ನೀರಿನಂತೆ ಕಾಣುತ್ತದೆ. ಪಿಲ್ಸ್‌ನರ್ ತಪ್ಪೇನೂ ಮಾಡಿಲ್ಲ. ಅದನ್ನು ಅಲ್ಲಿ ನಿಲ್ಲಿಸಿದ್ದು ತಪ್ಪು.

ಅದೇ ಬಿಯರ್‌ಗಳನ್ನು ಪೂರ್ತಿ ಗ್ಲಾಸ್ ಕುಡಿದು ನೋಡಿ. ಲೆಕ್ಕ ತಿರುಗಬಹುದು. ಇಂಗ್ಲೆಂಡ್‌ನಲ್ಲಿ ಪಬ್‌ಗೆ ಹೋದವರು ಪೈಂಟ್ ಎಂಬ ದೊಡ್ಡ ಗ್ಲಾಸಿನ ಲೆಕ್ಕದಲ್ಲಿ ಕುಡಿಯುತ್ತಾರೆ. ಅಲ್ಲಿನ ಬಿಯರ್ ಪ್ರಿಯರ ಸಂಘ ಕ್ಯಾಮ್ರಾ ಕೊಡುತ್ತಾ ಬಂದ ಚಾಂಪಿಯನ್ ಬಿಯರ್ ಆಫ್ ಬ್ರಿಟನ್ ಪ್ರಶಸ್ತಿಯ ಪಟ್ಟಿ ನೋಡಿ. ಟಿಮೊತಿ ಟೇಲರ್ ಅವರ ಲ್ಯಾಂಡ್‌ಲಾರ್ಡ್ ನಾಲ್ಕು ಸಲ ಗೆದ್ದಿದೆ. ಅದು ಶೇ 4.3. 2000ರಲ್ಲಿ ಗೆದ್ದ ಮೂರ್‌ಹೌಸಸ್ ಬ್ರೂವರಿಯ ಬ್ಲ್ಯಾಕ್ ಕ್ಯಾಟ್ ಶೇ 3.4. 2010ರಲ್ಲಿ ಗೆದ್ದ ಕ್ಯಾಸಲ್ ರಾಕ್‌ನ ಹಾರ್ವೆಸ್ಟ್ ಪೇಲ್ ಶೇ 3.8. ಸ್ಟ್ರಾಂಗ್ ಬಿಯರ್‌ಗಳೂ ಗೆದ್ದ ವರ್ಷಗಳಿವೆ, 2012ರಲ್ಲಿ ಬಾರ್ಲಿ ವೈನ್ ಎಂಬ ಬಗೆಯ ಶೇ 8.5ರ ಒಂದು ಬಿಯರ್ ಗೆದ್ದಿತ್ತು. ಆದರೆ ಅದೇ ನಿಯಮ ಆಗಲಿಲ್ಲ. ಅಲ್ಲಿ ಬಿಯರ್‌ಗಳನ್ನು ಮೊದಲು ಶೈಲಿ ಪ್ರಕಾರ ಬೇರೆ ಮಾಡುತ್ತಾರೆ. ಮೈಲ್ಡ್ ಜೊತೆ ಮೈಲ್ಡ್, ಬಿಟರ್ ಜೊತೆ ಬಿಟರ್. ಪ್ರತಿ ಗುಂಪಿನಲ್ಲಿ ಗೆದ್ದವು ಮಾತ್ರ ಕೊನೆಯ ಸುತ್ತಿಗೆ ಬರುತ್ತವೆ.

ಬಿಯರ್ ತೀರ್ಪುಗಾರರಿಗೆ ತರಬೇತಿ ಕೊಡುವ ಅಮೆರಿಕದ ಬಿಜೆಸಿಪಿ ಸಂಸ್ಥೆಯ ಅಂಕಪಟ್ಟಿಯೂ ಇದೇ ದಾರಿಯಲ್ಲಿದೆ. ಒಟ್ಟು 50 ಅಂಕ. ಘಮಕ್ಕೆ 12, ನೋಟಕ್ಕೆ 3, ರುಚಿಗೆ 20, ಬಾಯಿಗೆ ಸಿಗುವ ಅನುಭವಕ್ಕೆ 5, ಒಟ್ಟಾರೆ ಅನಿಸಿಕೆಗೆ 10. ಅಮಲಿಗೆ ಕಾಲಂ ಇಲ್ಲ. ಅಲ್ಲಿ ಕೇಳುವ ಪ್ರಶ್ನೆ ‘ಇದು ನಿನಗೆ ಎಷ್ಟು ಇಷ್ಟ’ ಅಂತಲ್ಲ. ‘ತನ್ನ ಶೈಲಿಗೆ ಇದು ಎಷ್ಟು ಚೆನ್ನಾಗಿದೆ’ ಅಂತ. ಶೇ 3.2ರಿಂದ 3.8ರವರೆಗಿನ ಆರ್ಡಿನರಿ ಬಿಟರ್ ಶೇ 12ರ ಸ್ಟೌಟ್‌ನಷ್ಟೇ ಅಂಕ ತೆಗೆಯಬಹುದು. ಆ್ಯಪ್‌ನ 5 ನಕ್ಷತ್ರದಲ್ಲಿ ಈ ಎರಡು ಪ್ರಶ್ನೆಗಳೂ ಕಲಸಿಹೋಗಿವೆ.

ಇದನ್ನು ಇಷ್ಟು ಒತ್ತಿ ಹೇಳುವುದಕ್ಕೆ ಕಾರಣ ಇದೆ. ಒಳ್ಳೆಯ ಹಗುರ ಬಿಯರ್ ಮಾಡುವುದು ತುಂಬಾ ಕಷ್ಟ. ಶೇ 10ರ ಸ್ಟೌಟ್‌ನಲ್ಲಿ ಸಣ್ಣ ತಪ್ಪು ನಡೆದರೆ ಹುರಿದ ಮಾಲ್ಟ್ ಮುಚ್ಚಿಹಾಕುತ್ತದೆ. ಶೇ 4.5ರ ಲಾಗರ್‌ನಲ್ಲಿ ಮುಚ್ಚಲು ಏನೂ ಇಲ್ಲ. ಯೀಸ್ಟ್ ಕೆಲಸ ಅರ್ಧಕ್ಕೆ ನಿಲ್ಲಿಸಿದರೆ ಬೆಣ್ಣೆಯ ವಾಸನೆ. ಮಾಲ್ಟ್ ರಸ ಸರಿಯಾಗಿ ಕುದಿಯದಿದ್ದರೆ ಬೇಯಿಸಿದ ಜೋಳದ ವಾಸನೆ. ಎರಡೂ ತಕ್ಷಣ ಗೊತ್ತಾಗುತ್ತವೆ. ಜೊತೆಗೆ ಲಾಗರ್ ಅನ್ನು ವಾರಗಟ್ಟಲೆ ತಣ್ಣಗೆ ಇಟ್ಟು ಕಾಯಬೇಕು. ಟ್ಯಾಂಕ್ ಖಾಲಿ ಆಗುವುದಿಲ್ಲ, ದುಡ್ಡು ಸಿಕ್ಕಿಹಾಕಿಕೊಳ್ಳುತ್ತದೆ. ಇಷ್ಟೆಲ್ಲ ಮಾಡಿ ಬಂದ ಬಿಯರ್‌ಗೆ ‘ಪರವಾಗಿಲ್ಲ, 3’ ಅಂತ ಬರೆದು ಮುಂದೆ ಹೋಗುವುದು ನೋಡಿದರೆ ನನಗೆ ಬೇಸರ ಆಗುತ್ತದೆ. ಅಂಕ ನೋಡಿ ಅಂಗಡಿಯವರು ಸರಕು ತರಿಸುತ್ತಾರೆ. ಸರಕು ನೋಡಿ ಬ್ರೂವರಿಯವರು ಮುಂದಿನ ಬಿಯರ್ ಯೋಚಿಸುತ್ತಾರೆ. ಒಳ್ಳೆಯ ಹಗುರ ಬಿಯರ್ ಮಾಡುವವರು ಹೀಗೆ ಒಬ್ಬೊಬ್ಬರಾಗಿ ಕಡಿಮೆಯಾದರೆ ನಷ್ಟ ಕುಡಿಯುವವರದ್ದೇ.

ಮೂರನೆಯ ಕಾರಣ ಲೇಬಲ್. ತಮ್ಮ ಬಾಟಲಿ ಎತ್ತಿ ‘ಇದು ಶೇ 9’ ಅಂತ ಹೇಳಿ ಸುರಿಯುತ್ತಾನೆ ಅಲ್ವಾ? ಆ ಮಾತು ಗ್ಲಾಸಿಗಿಂತ ಮೊದಲು ನಾಲಿಗೆ ಮುಟ್ಟುತ್ತದೆ. 1964ರಲ್ಲಿ ಆಲಿಸನ್, ಉಲ್ ಎಂಬ ಇಬ್ಬರು ಸಂಶೋಧಕರು ಒಂದು ಪರೀಕ್ಷೆ ಮಾಡಿದರು. ಲೇಬಲ್ ಇಲ್ಲದ ಬಾಟಲಿ ಕೊಟ್ಟಾಗ ಜನರಿಗೆ ತಮ್ಮ ಮೆಚ್ಚಿನ ಬ್ರ್ಯಾಂಡ್ ಯಾವುದೆಂದೇ ಗೊತ್ತಾಗಲಿಲ್ಲ. ಲೇಬಲ್ ಅಂಟಿಸಿ ಕೊಟ್ಟಾಗ ಅದೇ ಬಿಯರ್‌ಗಳ ಅಂಕ ಏರಿತು, ಮೆಚ್ಚಿನದಕ್ಕೆ ಇನ್ನೂ ಜಾಸ್ತಿ. 2006ರಲ್ಲಿ ಪ್ರಕಟವಾದ ಲಿಯೊನಾರ್ಡ್ ಲೀ, ಶೇನ್ ಫ್ರೆಡರಿಕ್, ಡ್ಯಾನ್ ಏರಿಯಲಿ ಅವರ ಪ್ರಯೋಗ ಇನ್ನೂ ಸ್ವಾರಸ್ಯದ್ದು. ಬಿಯರ್‌ಗೆ ಕೆಲವು ಹನಿ ಬಾಲ್ಸಾಮಿಕ್ ವಿನೆಗರ್ ಹಾಕಿ ಕೊಟ್ಟರು. ಹೇಳದೆ ಕೊಟ್ಟಾಗ ಅರ್ಧಕ್ಕಿಂತ ಹೆಚ್ಚು ಜನ ವಿನೆಗರ್ ಬಿಯರೇ ಚೆನ್ನಾಗಿದೆ ಅಂದರು. ಮೊದಲೇ ಹೇಳಿ ಕೊಟ್ಟಾಗ ಹೆಚ್ಚಿನವರು ಬೇಡ ಅಂದರು. ಕುಡಿದ ಮೇಲೆ ಹೇಳಿದರೆ ದೊಡ್ಡ ವ್ಯತ್ಯಾಸ ಆಗಲಿಲ್ಲ. ಅಂದರೆ ಮೊದಲೇ ಕೇಳಿದ ಮಾತು ನಾವು ಕೊಡುವ ತೀರ್ಪನ್ನಷ್ಟೇ ಅಲ್ಲ, ಬಾಯಿಗೆ ಸಿಗುವ ರುಚಿಯನ್ನೇ ಬದಲಿಸುತ್ತದೆ.

ಶೇಕಡಾ ಅಂಕಿಯೂ ಇಂಥ ಒಂದು ಮಾತೇ. ಶೇ 10 ಅಂತ ಓದಿದವರು ಗಟ್ಟಿ ರುಚಿ ಹುಡುಕುತ್ತಾರೆ. ಹುಡುಕಿದವರಿಗೆ ಸಿಗುತ್ತದೆ. ಬಣ್ಣವೂ ಹೀಗೇ ದಾರಿ ತಪ್ಪಿಸುತ್ತದೆ. ಕಪ್ಪಗಿರುವ ಡ್ರಾಫ್ಟ್ ಗಿನ್ನೆಸ್ ನೋಡಿ ಎಷ್ಟೋ ಜನ ಭಾರಿ ಸ್ಟ್ರಾಂಗ್ ಅಂದುಕೊಳ್ಳುತ್ತಾರೆ. ಅದು ಶೇ 4.2. ಚಿನ್ನದ ಬಣ್ಣದ ಸಾಮಾನ್ಯ ಲಾಗರ್‌ಗಿಂತ ಕಡಿಮೆ.

ನಾಲ್ಕನೆಯದರಲ್ಲಿ ಚಿಕ್ಕಪ್ಪ ಗೆಲ್ಲುತ್ತಾರೆ. ರುಚಿ ನೋಡುವಾಗ ಹಗುರದಿಂದ ಗಟ್ಟಿಗೆ ಹೋಗಬೇಕು ಅನ್ನುವುದು ಎಲ್ಲರೂ ಪಾಲಿಸುವ ನಿಯಮ. ನಾಲಿಗೆ ಕೆಡಬಾರದು ಅಂತ. ನೀವೂ ಹಾಗೇ ಮಾಡುತ್ತಿರಬಹುದು. ಆದರೆ ಲೆಕ್ಕ ಹಾಕಿ. ತಲಾ 100 ಎಂಎಲ್‌ನಂತೆ 8 ಬಿಯರ್, ಸರಾಸರಿ ಶೇ 7 ಅಂದರೆ 56 ಎಂಎಲ್ ಶುದ್ಧ ಆಲ್ಕೋಹಾಲ್. ತೂಕದಲ್ಲಿ ಸುಮಾರು 44 ಗ್ರಾಂ. ಶೇ 8ರ ದೊಡ್ಡ 650 ಎಂಎಲ್ ಬಾಟಲಿ ಒಂದನ್ನು ಪೂರ್ತಿ ಕುಡಿದದ್ದಕ್ಕಿಂತ ಸ್ವಲ್ಪ ಜಾಸ್ತಿಯೇ. ಖಾಲಿ ಹೊಟ್ಟೆಯಲ್ಲಿ ಅರ್ಧ ಗಂಟೆಯಿಂದ ಒಂದು ಗಂಟೆಯೊಳಗೆ ಅದು ರಕ್ತದಲ್ಲಿ ತುದಿ ಮುಟ್ಟುತ್ತದೆ. ಆ ಹೊತ್ತಿಗೆ ಸರಿಯಾಗಿ ನಿಮ್ಮ ಕೈಗೆ ಬರುವುದು ಪಟ್ಟಿಯ ಕೊನೆಯಲ್ಲಿರುವ ಅತಿ ಸ್ಟ್ರಾಂಗ್ ಬಿಯರ್. ಮನಸ್ಸು ಹಗುರ, ಮಾತು ಜೋರು, ಕೈ ಧಾರಾಳ. ನಾಲಿಗೆಯ ಒಳ್ಳೆಯದಕ್ಕೆ ಮಾಡಿದ ನಿಯಮ ಅಂಕಕ್ಕೆ ಕೆಟ್ಟದ್ದು ಮಾಡುತ್ತದೆ.

ಆ್ಯಪ್‌ನ ಪಟ್ಟಿಗೆ ಇನ್ನೊಂದು ಕಾರಣವೂ ಸೇರುತ್ತದೆ. ಯಾರು ಅಂಕ ಕೊಡುತ್ತಿದ್ದಾರೆ ಅನ್ನುವುದು. ವೆಸ್ಟ್‌ವ್ಲೆಟರೆನ್ ಹನ್ನೆರಡು ಬೇಕೆಂದರೆ ಬಹಳ ಕಾಲ ಮಠಕ್ಕೆ ಫೋನ್ ಮಾಡಿ ಹೇಳಿಟ್ಟು, ಅಲ್ಲಿಗೇ ಹೋಗಿ ತರಬೇಕಿತ್ತು. ಅಷ್ಟು ಕಷ್ಟಪಟ್ಟು, ದುಡ್ಡು ಕೊಟ್ಟು ತಂದವರು ಮೊದಲೇ ಅದರ ಅಭಿಮಾನಿಗಳು. ಕಡಿಮೆ ಅಂಕ ಕೊಡುವ ಮನಸ್ಸು ಬರುವುದು ಕಷ್ಟ. ಶೇ 4ರ ಲಾಗರ್‌ಗೆ ಅಂಕ ಹಾಕುವವರು ಯಾರೋ ಮದುವೆಮನೆಯಲ್ಲಿ ಬೇರೇನೂ ಸಿಗದೆ ಕುಡಿದವರೂ ಇರಬಹುದು. ಎರಡು ಬೇರೆ ಜನರ ಅಂಕವನ್ನು ಒಂದೇ ಸಾಲಿನಲ್ಲಿ ಇಟ್ಟು ಹೋಲಿಸಿದ ಹಾಗೆ ಆಗುತ್ತದೆ.

ಹಾಗಾದರೆ ನಿಮ್ಮ ಮನೆಯಲ್ಲಿ ಯಾವ ಕಾರಣ ಎಷ್ಟು ಕೆಲಸ ಮಾಡುತ್ತಿದೆ? ಮುಂದಿನ ಸಲ ಸೇರಿದಾಗ ನೀವೇ ನೋಡಬಹುದು. ಚಿಕ್ಕಪ್ಪನನ್ನೇ ಸುರಿಯುವ ಕೆಲಸಕ್ಕೆ ಹಾಕಿ, ಅವರು ಅಂಕ ಕೊಡುವುದು ಬೇಡ.

ಒಂದು 650 ಎಂಎಲ್ ಸಾದಾ ಲಾಗರ್ ತೆಗೆದುಕೊಳ್ಳಿ, ಶೇ 5ರದ್ದು. ಅದನ್ನು ಎರಡು ಜಗ್‌ಗೆ ಸಮ ಭಾಗ ಮಾಡಿ. ಒಂದಕ್ಕೆ 18 ಎಂಎಲ್ ವೋಡ್ಕಾ ಹಾಕಿ. ಸಾಮಾನ್ಯವಾಗಿ ನಮ್ಮಲ್ಲಿ ಸಿಗುವ ವೋಡ್ಕಾ ಶೇ 42.8 ಇರುತ್ತದೆ, ಹಾಗಾಗಿ ಜಗ್‌ನ ಬಿಯರ್ ಶೇ 7 ಆಗುತ್ತದೆ. ಇನ್ನೊಂದಕ್ಕೆ 18 ಎಂಎಲ್ ಸಾದಾ ಸೋಡಾ ಹಾಕಿ, ಎರಡೂ ಒಂದೇ ಸಮ ತೆಳುವಾಗಲಿ. ಎಲ್ಲವೂ ತಣ್ಣಗಿರಬೇಕು, ಮೆಲ್ಲಗೆ ಕಲಕಬೇಕು, ನೊರೆ ಹೋಗಬಾರದು. ಈಗ ಮಾಲ್ಟ್ ಅದೇ, ಹಾಪ್ಸ್ ಅದೇ, ಬದಲಾದದ್ದು ಆಲ್ಕೋಹಾಲ್ ಮಾತ್ರ. ಯಾರಿಗೂ ಹೇಳದೆ ಅಂಕ ಕೇಳಿ. ಅಮಲಿಗೇ ಅಂಕ ಬರುತ್ತದೆ ಅನ್ನುವ ಮಾತು ನಿಜವಾದರೆ ವೋಡ್ಕಾ ಹಾಕಿದ ಜಗ್ ಗೆಲ್ಲಬೇಕು.

ಅದಕ್ಕೂ ಮೊದಲು, ವ್ಯತ್ಯಾಸ ಗೊತ್ತಾಗುತ್ತದಾ ಅಂತಲೇ ನೋಡಿಬಿಡಿ. ಇದಕ್ಕೆ 1940ರ ದಶಕದಲ್ಲಿ ಡೆನ್ಮಾರ್ಕಿನ ಕಾರ್ಲ್ಸ್‌ಬರ್ಗ್ ಬ್ರೂವರಿಯಲ್ಲಿ ರೂಪುಗೊಂಡ ಮೂರು ಗ್ಲಾಸಿನ ಪರೀಕ್ಷೆ ಇದೆ. ಎರಡರಲ್ಲಿ ಒಂದೇ ಬಿಯರ್, ಮೂರನೆಯದರಲ್ಲಿ ಬೇರೆ. ಬೇರೆಯದು ಯಾವುದು ಅಂತ ಹೇಳಬೇಕು. ಸುಮ್ನೆ ಊಹಿಸಿದರೂ ಮೂರಕ್ಕೊಂದು ಸಲ ಸರಿಯಾಗುತ್ತದೆ. ಹಾಗಾಗಿ 9 ಜನರಲ್ಲಿ ಕನಿಷ್ಠ 6 ಜನ, 12 ಜನರಲ್ಲಿ ಕನಿಷ್ಠ 8 ಜನ ಸರಿ ಹೇಳಿದರೆ ಮಾತ್ರ ವ್ಯತ್ಯಾಸ ನಿಜವಾಗಿ ಗೊತ್ತಾಗುತ್ತಿದೆ ಅಂತ ಒಪ್ಪಿಕೊಳ್ಳಿ. ಹತ್ತು-ಹನ್ನೆರಡು ಜನರ ಅಂಕದಿಂದ ಏನು ತಿಳಿಯುತ್ತದೆ ಅಂತ ಅನ್ನಿಸಬಹುದು. ಸಣ್ಣ ಗುಂಪಿನ ಅಂಕಿಗಳಿಂದ ಗಟ್ಟಿ ಮಾತು ಹೇಳುವ ಲೆಕ್ಕಶಾಸ್ತ್ರ ಹುಟ್ಟಿದ್ದೇ ಬಿಯರ್ ಬ್ರೂವರಿಯಲ್ಲಿ. ಗಿನ್ನೆಸ್‌ನಲ್ಲಿ ಕೆಲಸ ಮಾಡುತ್ತಿದ್ದ ವಿಲಿಯಂ ಗಾಸೆಟ್ 1908ರಲ್ಲಿ ‘ಸ್ಟೂಡೆಂಟ್’ ಅನ್ನುವ ಹೆಸರಿನಲ್ಲಿ ಅದನ್ನು ಪ್ರಕಟಿಸಿದರು. ಇಂದಿಗೂ ಕಾಲೇಜಿನಲ್ಲಿ ಅದನ್ನೇ ಕಲಿಸುತ್ತಾರೆ.

ಉಳಿದಂತೆ ಅಂಕ ಕೊಡುವ ಸಂಜೆಗೆ ಕೆಲವು ಬದಲಾವಣೆ ಸಾಕು. ಕಾಫಿಯ ರುಚಿ ನೋಡಿ ಅಂಕ ಕೊಡುವ ಕಪ್ಪಿಂಗ್‌ನಲ್ಲಿ ಎಸ್ಟೇಟಿನ ಹೆಸರು ಮುಚ್ಚಿ ನಂಬರ್ ಹಾಕುತ್ತಾರಲ್ಲ, ಬಿಯರ್‌ಗೂ ಹಾಗೇ ಮಾಡಿ. ಒಂದು ಸಂಜೆಗೆ ನಾಲ್ಕು ಬಿಯರ್ ಸಾಕು, ನಾಲ್ಕೂ ಒಂದೇ ಶೈಲಿಯವು. ಗೋಧಿ ಬಿಯರ್ ಅಂದರೆ ನಾಲ್ಕೂ ಗೋಧಿ ಬಿಯರ್. ಅವು ಹೆಚ್ಚುಕಡಿಮೆ ಶೇ 4.3ರಿಂದ 5.6ರೊಳಗೇ ಇರುವುದರಿಂದ ಆಲ್ಕೋಹಾಲಿನ ಪ್ರಶ್ನೆ ತಾನಾಗಿ ಬಿದ್ದುಹೋಗುತ್ತದೆ. ಒಬ್ಬೊಬ್ಬರಿಗೆ ಒಂದೊಂದು ಕ್ರಮದಲ್ಲಿ ಗ್ಲಾಸ್ ಕೊಡಿ. ತುಂಬಾ ತಣ್ಣಗೆ ಕೊಡಬೇಡಿ, ಐಸ್‌ನಂಥ ಚಳಿಯಲ್ಲಿ ಘಮ ಏಳುವುದಿಲ್ಲ. ಮೊದಲ ಗುಟುಕಿಗೆ ಒಂದು ಅಂಕ ಬರೆಯಿರಿ, ಗ್ಲಾಸ್ ಮುಗಿದ ಮೇಲೆ ಇನ್ನೊಂದು. ಪಕ್ಕದಲ್ಲಿ ‘ಇನ್ನೊಂದು ಗ್ಲಾಸ್ ಬೇಕಾ’ ಅನ್ನುವುದಕ್ಕೆ ಹೌದು ಅಥವಾ ಬೇಡ. ಮೊದಲ ಗುಟುಕಿಗೆ 4.5 ತೆಗೆದ ಬಿಯರ್‌ನ ಮುಂದೆ ‘ಬೇಡ’ ಅಂತ ಬಿದ್ದರೆ, 3.5 ತೆಗೆದದ್ದರ ಮುಂದೆ ‘ಹೌದು’ ಅಂತ ಬಿದ್ದರೆ, ನಿಮ್ಮ ಹಳೆಯ ಅಂಕಗಳ ಬಗ್ಗೆ ಮತ್ತೆ ಯೋಚಿಸಬೇಕಾಗುತ್ತದೆ. ಅಂಕ ಬರೆಯುವಾಗ ಒಬ್ಬರ ಮುಖ ಒಬ್ಬರು ನೋಡಬಾರದು. ಮನೆಯ ಹಿರಿಯರು ‘ಆಹಾ’ ಅಂದರೆ ಸುತ್ತ ಕೂತವರೆಲ್ಲರ ಅಂಕವೂ ಅರ್ಧ ಏರುತ್ತದೆ.

ಇನ್ನು ಹೋಂಸ್ಟೇ ಅತಿಥಿಗಳು. ಪರವಾನಗಿ ಇಲ್ಲದೆ ಬಿಯರ್ ಮಾರುವಂತಿಲ್ಲ, ಅದು ನಿಮಗೆ ಗೊತ್ತೇ ಇದೆ. ತಾವೇ ತಂದುಕೊಳ್ಳುವವರು ಯಾವುದು ಒಳ್ಳೆಯದು ಅಂತ ಕೇಳಿದರೆ ಆ್ಯಪ್‌ನ ಅಂಕ ನೋಡಿ ಹೇಳಬೇಡಿ. ಊಟಕ್ಕೆ ಏನು ಮಾಡುತ್ತಿದ್ದೀರಿ ಅಂತ ನೋಡಿ ಹೇಳಿ. ಕಾಳುಮೆಣಸು ಬಿಗಿಯಾಗಿ ಬಿದ್ದ ಪಂದಿ ಕರಿ, ಕಡಂಬುಟ್ಟು ಇದ್ದರೆ ಶೇ 8ರ ಬಿಯರ್ ಬೇಡ. ಮೆಣಸು ತಟ್ಟುವ ನರವನ್ನೇ ಆಲ್ಕೋಹಾಲೂ ತಟ್ಟುವುದರಿಂದ ಉರಿಗೆ ಉರಿ ಸೇರುತ್ತದೆ, ನೀವು ಕಷ್ಟಪಟ್ಟು ಹಾಕಿದ ಕಾಚಂಪುಳಿಯ ಹುಳಿ ಎಲ್ಲೋ ಹಿಂದೆ ಉಳಿಯುತ್ತದೆ. ಅಲ್ಲಿಗೆ ಶೇ 5ರ ಗೋಧಿ ಬಿಯರ್ ಸರಿ. ಬಾಳೆಹಣ್ಣು, ಲವಂಗದ ಮೆಲು ಘಮ ಇರುತ್ತದೆ, ಕಹಿ ಕಡಿಮೆ, ಗ್ಯಾಸ್ ಜಾಸ್ತಿ, ಹಂದಿಯ ಕೊಬ್ಬನ್ನು ನಾಲಿಗೆಯಿಂದ ತೊಳೆಯುತ್ತದೆ. ಹುಳಿ ಬಿಯರ್ ಸಿಕ್ಕಿದರೆ ಅದನ್ನೂ ಇದೇ ಊಟದ ಜೊತೆ ನೋಡಿ, ಕಾಚಂಪುಳಿ ತಿಂದು ಬೆಳೆದ ನಾಲಿಗೆಗೆ ಅದು ಹೊಸದು ಅನ್ನಿಸುವುದಿಲ್ಲ. ಇಂಪೀರಿಯಲ್ ಸ್ಟೌಟ್ ತಂದವರಿಗೆ ಊಟ ಮುಗಿಯುವವರೆಗೆ ಕಾಯಲು ಹೇಳಿ. ಮಳೆ ಬೀಳುವಾಗ, ಫ್ರಿಜ್‌ನಿಂದ ತೆಗೆದು ಸ್ವಲ್ಪ ಹೊತ್ತು ಹೊರಗಿಟ್ಟು, ಸಣ್ಣ ಗ್ಲಾಸಿನಲ್ಲಿ, ಒಂದು ಬಾಟಲಿಯನ್ನು ಮೂರು ಜನ ಹಂಚಿಕೊಂಡರೆ ಅದರ ನಿಜವಾದ ಗುಣ ಕಾಣುತ್ತದೆ. ರಾತ್ರಿ ಘಾಟಿ ಇಳಿಯಬೇಕಾದವರು ಇದ್ದರೆ ಅವರಿಗೆ ಯಾವ ಬಿಯರೂ ಬೇಡ. ಕಾನೂನಿನ ಮಿತಿ 100 ಎಂಎಲ್ ರಕ್ತಕ್ಕೆ 30 ಮಿಲಿಗ್ರಾಂ. ಒಂದು ದೊಡ್ಡ ಸ್ಟ್ರಾಂಗ್ ಬಾಟಲಿ ಕುಡಿದರೆ ಆ ಮಿತಿ ಎಲ್ಲೋ ಹಿಂದೆ ಬಿದ್ದಿರುತ್ತದೆ.